ಆಟಿ ತಿಂಗಳ ಪಟ

ಮೊನ್ನೆ ಕೊಡೆ ರಿಪೇರಿಯವನ ಅಂಗಡಿಯಲ್ಲಿ ಕಾಯುತ್ತಾ ಕೂತಿದ್ದೆ. ಒದ್ದೆಯಾಗಿ ಒಣಗಿದ ಕಪ್ಪು ಬಟ್ಟೆಯ ಮುಗ್ಗಲು ವಾಸನೆ ಮೂಗಿಗೆ ಬಡಿದದ್ದೇ ತಡ, ಪಟದ ಮಾಮ ನೆನಪಾದರು. ಅವರು ಕ್ಯಾಮರಾದ ಹಿಂದೆ ತಲೆಗೆ ಹೊದೆದುಕೊಳ್ಳುತ್ತಿದ್ದ ಬಟ್ಟೆಗೂ ಅದೇ ವಾಸನೆ...

ದೇರೆಬೈಲಿನಲ್ಲಿ ನಮ್ಮ ಪಕ್ಕದ ಮನೆ ಅವರದು. ಪಟ ತೆಗೆಯುವುದು ಕಸುಬು. ಮದುವೆ ಮನೆಗಳಲ್ಲಿ ಜನರನ್ನು ಸಾಲಾಗಿ ನಿಲ್ಲಿಸಿ ಗದರಿಸಿ ಗದರಿಸಿ ಮನುಷ್ಯರ ಮೇಲೆಯೇ ಬೇಸರ ಬಂದಿತ್ತೋ ಏನೋ, ಎರಡನೇ ಮಹಾಯುದ್ಧಕ್ಕೆ ಮೊದಲಿನ ಒಂದು ವರ್ಷ ಮನೆಯ ಹಿಂದಿನ ಕೆರೆಯ ಪಟ ತೆಗೆಯಲು ಹೊರಟರು. ಒಂದೇ ಕಲ್ಲಿನ ಮೇಲೆ ನಿಂತು, ತುಳು ತಿಂಗಳಿಗೆ ಒಂದರಂತೆ ಹನ್ನೆರಡು. ಊರಿಗೆ ಬಂದವರೆಲ್ಲ ಕಡಲು ನೋಡಲು ಓಡುತ್ತಿದ್ದ ಕಾಲ. ಎಮ್ಮೆ ಮೀಯಿಸುವ ಆ ಕೆರೆಯನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ.

"ಅದರಲ್ಲಿ ಎಂತ ಉಂಟು ಮಾರಾಯ್ರೆ?" ಎಂದು ಅಮ್ಮ ನಗುತ್ತಿದ್ದಳು.

"ಕಡಲಿಗೆ ವರ್ಷವಿಡೀ ಒಂದೇ ಮೋರೆ ಅಕ್ಕ. ಇದು ತಿಂಗಳಿಗೊಂದು ತೋರಿಸ್ತದೆ."

ಪಗ್ಗು ತಿಂಗಳಲ್ಲಿ ಬಿರುಕುಬಿಟ್ಟ ಕೆಸರು, ಕಾರ್ತೆಲಿನಲ್ಲಿ ಕೆಮ್ಮಣ್ಣಿನ ನೀರು, ಸೋಣದಲ್ಲಿ ನೈದಿಲೆ. ಮಾಮ ಬಟ್ಟೆಯೊಳಗೆ ತಲೆ ತೂರಿಸಿದರೆ ಸಾಕು, ಅಮ್ಮ ಮರದ ಮರೆಗೆ ಓಡುತ್ತಿದ್ದಳು. ಪಟ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವಳ ಗಟ್ಟಿ ನಂಬಿಕೆ.

ಆಟಿಯಲ್ಲಿ ಒಂದು ಮಧ್ಯಾಹ್ನ ಮಳೆ ಸ್ವಲ್ಪ ತಗ್ಗಿತು. ಅಮ್ಮ ದಂಡೆಯಲ್ಲಿ ಪತ್ರೊಡೆಗೆ ಕೆಸುವಿನ ಎಲೆ ಕೊಯ್ಯುತ್ತಾ ಬಗ್ಗಿದ್ದಳು. ನಾನು ಮಾಮನ ಪಕ್ಕದಲ್ಲಿದ್ದೆ. ಅಮ್ಮ ಅಡ್ಡ ಬಂದಳೆಂದು ಮಾಮ "ಪೋಲೆ ಅಕ್ಕ, ಪೋಲೆ!" ಎಂದು ಕೂಗಿದರು. ಹೋಗಿ ಎಂದರ್ಥ. ಕೋಡಿ ಬಿದ್ದ ನೀರಿನ ಸದ್ದಿಗೆ ಅಮ್ಮನಿಗೆ ಕೇಳಿಸಿದ್ದು "ತೂಲೆ", ನೋಡಿ ಎಂದು. ಎಲೆಯ ಕಟ್ಟು ಹಿಡಿದುಕೊಂಡೇ ನೆಟ್ಟಗೆ ನಿಂತು, ಕ್ಯಾಮರಾದತ್ತ ನೋಡಿ, ಏನಾಯಿತು ಎಂಬಂತೆ ನಕ್ಕಳು. ಮಾಮನ ಕೈಯಲ್ಲಿದ್ದ, ಪಟ ತೆಗೆಯಲು ಒತ್ತುವ ರಬ್ಬರ್ ಉಂಡೆ ತಾನಾಗಿ ಒತ್ತಿಹೋಯಿತು.

ಮರುದಿನ ಮಾಮ ಹಿಗ್ಗುತ್ತಾ ಬಂದರು. ಇಷ್ಟು ಒಳ್ಳೆಯ ಪಟ ತಾನು ತೆಗೆದೇ ಇಲ್ಲ ಎಂದರು. ಅಮ್ಮ ಅಳುವುದೊಂದು ಬಾಕಿ. ಅಳಿಸಿಬಿಡುತ್ತೇನೆ ಎಂದು ಅವರಿಂದ ಮಾತು ತೆಗೆದುಕೊಂಡೇ ಬಿಟ್ಟಳು. ಆಗೆಲ್ಲ ಪಟ ಮೂಡುತ್ತಿದ್ದದ್ದು ಗಾಜಿನ ಮೇಲೆ; ಸಂಜೆಗೆ ಮಾಮ ಆ ಗಾಜನ್ನು ಬಿಸಿನೀರಲ್ಲಿ ಉಜ್ಜಿ ತೊಳೆದು ತಂದುಕೊಟ್ಟರು. ಅಮ್ಮ ಅದನ್ನು ಬೆಳಕಿಗೆ ಹಿಡಿದು, ಆಚೆಗೆ ನಾನು ಕಾಣುತ್ತೇನೆಂದು ನೋಡಿ ಸಮಾಧಾನಪಟ್ಟಳು.

ಎರಡು ವರ್ಷಕ್ಕೆ ಅಮ್ಮ ಜ್ವರದಲ್ಲಿ ಹೋದಳು. ಮನೆಯಲ್ಲಿ ಅವಳ ಒಂದು ಪಟವೂ ಇಲ್ಲ. ಮಾಮ ಆ ಗಾಜು ತೊಳೆದಿರಲಾರರು, ಬೇರೆ ಯಾವುದನ್ನೋ ತಂದು ತೋರಿಸಿರಬೇಕು ಎಂಬ ಆಸೆಯಿಂದ ಓಡಿದೆ.

"ಮಾತು ಕೊಟ್ಟಿದ್ದೆನಲ್ಲ ಮಗಾ..." ಎಂದರು.

"ಸುಳ್ಳು ಹೇಳ್ಲಿಕ್ಕೆ ಆಗ್ತಿರ್ಲಿಲ್ವಾ ನಿಮಗೆ?" ಎಂದು ಕಿರುಚಿದೆ. ಆ ದೊಡ್ಡ ಮನುಷ್ಯ ಜಗಲಿಯಲ್ಲಿ ಕೂತು ಅತ್ತರು. ನನಗೆ ಕನಿಕರ ಬರಲಿಲ್ಲ.

ಆಟಿಯ ಪಟವನ್ನು ಅವರು ಮತ್ತೆ ತೆಗೆಯಲಿಲ್ಲ. ಹನ್ನೊಂದಕ್ಕೇ ನಿಂತಿತು. ನನಗೆ ಹದಿನಾರಾದ ವರ್ಷ ಬೇಲಿಯ ಹತ್ತಿರ ಬಂದು, "ನಿಂದು ಅಕ್ಕನದ್ದೇ ಮೋರೆ. ಆಟಿ ಉಂಟಲ್ಲ, ಒಮ್ಮೆ ಅಲ್ಲಿ ಬಂದು ನಿಲ್ತೀಯಾ?" ಎಂದು ಮೆಲ್ಲನೆ ಕೇಳಿದರು.

"ನನಗೂ ಆಯುಷ್ಯ ಬೇಕು" ಎಂದು ಮುಖ ತಿರುಗಿಸಿ ಒಳಗೆ ಹೋದೆ. ಎಂಥ ಹಟ ನನ್ನದು! ಮರುವರ್ಷ ಮದುವೆಯಾಗಿ ಸುರತ್ಕಲ್ಲಿಗೆ ಬಂದೆ. ಮಾಮ ತೀರಿಕೊಂಡ ಸುದ್ದಿ ನನಗೆ ತಿಂಗಳು ಕಳೆದ ಮೇಲೆ ಸಿಕ್ಕಿತು. ಆ ಹನ್ನೊಂದು ಪಟಗಳು ಯಾರ ಪಾಲಾದವೋ... ಕೆರೆಯ ಅರ್ಧ ಭಾಗದ ಮೇಲೆ ಈಗ ಮನೆಗಳೆದ್ದಿವೆ.

ಅವರು ಕೇಳಿದ ದಿನ ಹೋಗಿ ನಿಂತಿದ್ದರೆ ಅಮ್ಮನ ಮೋರೆ ಇವತ್ತು ನನ್ನ ಕೈಯಲ್ಲಿರುತ್ತಿತ್ತು. ಈಚೆಗೆ ಮೊಮ್ಮಗಳು, "ನಿನ್ನ ಅಮ್ಮ ಹೇಗಿದ್ರು ಅಜ್ಜಿ?" ಎಂದು ಕೇಳಿದಳು. ನನ್ನ ಹಾಗೆಯೇ ಇದ್ದಳಂತೆ ಎಂದೆ. ಅವಳು ನನ್ನ ಸುಕ್ಕು ಕೆನ್ನೆ ಸವರಿ, "ಇಷ್ಟು ಮುದುಕಿಯಾ?" ಎಂದು ನಕ್ಕಳು. ಅಮ್ಮ ಮುದುಕಿಯಾಗಲೇ ಇಲ್ಲ ಮಗಾ ಎಂದೆ.