ಬೇಚಿರಾಕ್ ಊರಿನ ಹೊಸ್ತಿಲು

ನಗರ ಯೋಜನೆ ಓದುವವರು ಮೊದಲು ಕಲಿಯುವುದು ಬಣ್ಣ ಬಳಿಯುವುದನ್ನು. ಮನೆಗೆ ಹಳದಿ, ಅಂಗಡಿಗೆ ನೀಲಿ, ಕಾರ್ಖಾನೆಗೆ ನೇರಳೆ. ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ನಾನು ತರಬೇತಿಗೆಂದು ಸೇರಿದ ಕಚೇರಿಯಲ್ಲಿ ನನ್ನ ಕೈಗೆ ಬಂದದ್ದು ನೇರಳೆ ಪೆನ್ಸಿಲುಗಳ ಡಬ್ಬಿ. ಬೆಂಗಳೂರಿನ ಪೀಣ್ಯ ತುಂಬಿ, ಕಾರ್ಖಾನೆಗಳು ತುಮಕೂರು ರಸ್ತೆ ಹಿಡಿದು ಮಾಕಳಿಯ ಕಡೆ ಹೊರಟಿದ್ದ ಕಾಲ ಅದು. ನನಗೋ, ಡಿಗ್ರಿ ಮುಗಿಯುವ ಮುಂಚೆಯೇ ಊರು ಕಟ್ಟಿಬಿಡುತ್ತೇನೆಂಬ ಜಂಬ. ಕಚೇರಿಗೆ ಬೇಕಿದ್ದದ್ದು ಗೆರೆ ದಾಟದೆ ಬಣ್ಣ ತುಂಬುವ ಒಬ್ಬ ಹುಡುಗಿ.

ನನಗೆ ಕೆಲಸ ಹೇಳುತ್ತಿದ್ದ ಅಧಿಕಾರಿ ಒಂದು ದಿನ ಹಳೆಯ ಗ್ರಾಮ ನಕ್ಷೆ ಹರಡಿ, ಮಾಕಳಿಯಾಚೆಯ ಒಂದು ಊರಿನ ಮೇಲೆ ಬೆರಳಿಟ್ಟರು. ಹೆಸರಿತ್ತು, ಗಡಿಯಿತ್ತು, ಮನೆಗಳ ಜಾಗವನ್ನು ಚುಕ್ಕೆಗಳಲ್ಲಿ ಗುರುತಿಸಿತ್ತು. ಪಕ್ಕದಲ್ಲಿ ‘ಬೇಚಿರಾಕ್’ ಎಂದು ಬರೆದಿತ್ತು.

“ಚಿರಾಕ್ ಅಂದ್ರೆ ದೀಪ ಕಣಮ್ಮ. ದೀಪ ಹಚ್ಚೋರೇ ಇಲ್ಲದ ಊರು. ನಮಗೆ ಇದಕ್ಕಿಂತ ಒಳ್ಳೇದು ಸಿಗಲ್ಲ, ಯಾರನ್ನೂ ಎಬ್ಬಿಸೋ ಕೆಲಸ ಇಲ್ಲ,” ಎಂದು ನಕ್ಕರು. “ಗಡಿ ಅಳೆದು, ಇರೋದೆಲ್ಲ ಗುರುತು ಹಾಕ್ಕೊಂಡು ಬಾ.”

ಅಳತೆಯ ಸರಪಳಿ ಹಿಡಿಯುವ ಇಬ್ಬರ ಜೊತೆ ಹೋದೆ. ಗಡಿ ಸುತ್ತಿ ಮುಗಿಸುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಅವರು ಹುಣಸೆಮರದ ಕೆಳಗೆ ಬುತ್ತಿ ಬಿಚ್ಚಿದರು. ಊರೊಳಗೆ ಬರುತ್ತೀರಾ ಎಂದರೆ ಕೇಳಿಸದವರಂತೆ ಮುದ್ದೆ ಮುರಿದರು. ನಾನೊಬ್ಬಳೇ ಹೊರಟೆ.

ಗೋಡೆಗಳೆಲ್ಲ ಕರಗಿ ಮಣ್ಣಿನ ದಿಬ್ಬಗಳಾಗಿದ್ದವು. ನೆಲದಲ್ಲಿ ಹೂತ ಒರಳುಗಳು ಮಾತ್ರ ಬಾಯಿ ತೆರೆದುಕೊಂಡಿದ್ದವು. ಒಂದೊಂದು ಒರಳಿನ ಸುತ್ತ ಒಂದೊಂದು ಮನೆಯಿತ್ತೆಂದು ಅಂದಾಜು ಮಾಡುತ್ತಾ ನಡೆದೆ. ಹಕ್ಕಿಯ ಸದ್ದೂ ಇಲ್ಲ. ಆಗ ಕಂಡದ್ದು ಒಂದು ಹೊಸ್ತಿಲು. ಹಿಂದೆ ಮನೆಯಿಲ್ಲ, ಮೇಲೆ ಸೂರಿಲ್ಲ, ಬರೀ ಕಲ್ಲಿನ ಹೊಸ್ತಿಲು. ಅದರ ಮುಂದೆ ಸಗಣಿ ಸಾರಿಸಿ ರಂಗೋಲಿ ಹಾಕಿತ್ತು. ಸಾರಿಸಿದ್ದು ಇನ್ನೂ ಹಸಿಯಾಗಿತ್ತು. ಕಲ್ಲಿನ ಮೇಲೆ ಮಣ್ಣಿನ ಹಣತೆ ಉರಿಯುತ್ತಿತ್ತು. ಕಣ್ಣನ್ನು ನಂಬದೆ ಇನ್ನೊಂದು ಹೆಜ್ಜೆ ಮುಂದಿಟ್ಟೆ.

“ತುಳೀಬ್ಯಾಡ ಕಣವ್ವಾ.”

ದಿಬ್ಬದ ಹಿಂದಿನಿಂದ ಪೊರಕೆ ಹಿಡಿದ ಹೆಂಗಸೊಬ್ಬಳು ಎದ್ದು ಬಂದಳು. ನನ್ನ ಅಮ್ಮನ ವಯಸ್ಸು. ಪಕ್ಕದೂರಿನವಳಂತೆ. ಮನುಷ್ಯರೇ ಎಂದು ಗೊತ್ತಾದ ಮೇಲೆ ನನಗೆ ಸಿಟ್ಟೇ ಬಂತು. ಹಾಳೂರಿನಲ್ಲಿ ಯಾರಿಗೆ ದೀಪ ಹಚ್ಚುತ್ತೀರಿ ಎಂದು ಕೇಳಿದೆ.

“ನಮ್ಮಪ್ಪನ ಅವ್ವಂಗೆ,” ಎಂದಳು. “ಪ್ಲೇಗು ಬಂದಾಗ ಊರೆಲ್ಲಾ ಬಿಟ್ಟು ಓಯ್ತು. ಇವಳಿಗೆ ಗಡ್ಡೆ ಎದ್ದಿತ್ತು, ಆದ್ರೆ ಜೀವ ಇತ್ತು. ನಮ್ಮಪ್ಪ ಕಂಕುಳ ಕೂಸು. ಮನೇವ್ರು ಅವನನ್ನ ಎತ್ಕೊಂಡು, ಇದೇ ಒಸ್ತಿಲಲ್ಲಿ ನಿಂತ್ಕೊಂಡು, ‘ಓಗಿ ಬತ್ತೀವಿ’ ಅಂದ್ರಂತೆ. ‘ಊಂ’ ಅಂದ್ಲಂತೆ. ಯಾರೂ ಬರ್ನಿಲ್ಲ.”

“ನೀವು ಬಂದಿದ್ದೀರಲ್ಲ. ಬಂದೆ ಅಂತ ಹೇಳಿಬಿಡಿ.”

“ಬಂದೆ ಅಂದ್ರೆ ಉಳ್ಕೋಬೇಕಲ್ಲವ್ವಾ,” ಎಂದಳು ಮೆಲ್ಲಗೆ. “ಅದಕ್ಕೇ ಮಾತಾಡಾಕಿಲ್ಲ. ದೀಪ ಇಟ್ಟು, ಸದ್ದು ಮಾಡ್ದಂಗೆ ಓಯ್ತೀನಿ. ದೀಪ ಇದ್ರೆ, ಇವ್ರು ದಾರೀಲವ್ರೆ ಅಂತ ಕಾಯ್ಕೊಂಡಿರ್ತಾಳೆ. ಇಲ್ಲಿ ಕಾರ್ಖಾನೆ ಬತ್ತದಂತೆ, ಈ ಒಸ್ತಿಲೊಂದು ಬಿಡ್ಸಿಕೊಡವ್ವಾ, ಒಂದು ಚಾಪೆಯಗಲ ಜಾಗ.”

ಅವಳ ಕಣ್ಣಲ್ಲಿ ನೀರು ನಿಂತಿತ್ತು. ನನ್ನ ಕೈಯಲ್ಲಿ ಏನೂ ಇಲ್ಲವೆಂದು ಹೇಳಲು ನಾಚಿಕೆಯಾಯಿತು. ಕೇಳಿ ನೋಡುತ್ತೇನೆ ಎಂದೆ. ಹೊರಡುವಾಗ, ಚಿಕ್ಕಂದಿನಿಂದ ಬಾಯಿಗೆ ಬಿದ್ದ ಅಭ್ಯಾಸ, ಹೊಸ್ತಿಲ ಮುಂದೆಯೇ ನಿಂತು ಹೇಳಿಬಿಟ್ಟೆ: “ಬರ್ತೀನಮ್ಮ.”

ಅವಳ ಮುಖ ಬಿಳಿಚಿಕೊಂಡಿತು. ಗಾಳಿಯಿರಲಿಲ್ಲ. ಆದರೂ ಹಣತೆಯ ಕುಡಿ ನನ್ನ ಕಡೆಗೆ ವಾಲಿತು. ನಾನು ಕಂಡದ್ದನ್ನು ಹೇಳುತ್ತಿದ್ದೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಕಚೇರಿಯಲ್ಲಿ ಆ ಚಾಪೆಯಗಲದ ಜಾಗವನ್ನು ಬಿಟ್ಟು ಸುತ್ತಲೂ ಬಣ್ಣ ತುಂಬಿದೆ. ವಿಷಯ ತಿಳಿಸಿ ಕೇಳಿಕೊಂಡೆ, ವಾದವನ್ನೂ ಮಾಡಿದೆ. ಅಧಿಕಾರಿ ಕೆಟ್ಟವರೇನಲ್ಲ. “ಬೇಚಿರಾಕ್ ಊರಲ್ಲಿ ದೀಪ ಇತ್ತು ಅಂತ ಯಾವ ಕೈಯಲ್ಲಿ ಬರೀಲಮ್ಮ?” ಎಂದು ಪೆನ್ಸಿಲು ತೆಗೆದುಕೊಂಡು ಅವರೇ ತುಂಬಿದರು. ನನಗೆ ಅಳು ಬಂತು, ಬಚ್ಚಲಿಗೆ ಹೋಗಿ ಅತ್ತೆ.

ಆದರೆ ನಾವು ಅಳೆದು ತಂದ ಗಡಿ ಹಾಳೆಯ ಮೇಲೆ ಕೂಡಲಿಲ್ಲ. ಸುತ್ತಿ ಬಂದ ಗೆರೆ ಹೊರಟ ಜಾಗಕ್ಕೇ ಬಂದು ಸೇರಬೇಕು. ನಮ್ಮದು ಸೇರಲೇ ಇಲ್ಲ, ಪ್ರತಿ ಸಲ ಒಂದು ಬಾಗಿಲಿನಗಲ ಬಾಯಿ ಬಿಟ್ಟುಕೊಂಡು ನಿಲ್ಲುತ್ತಿತ್ತು. ಲೆಕ್ಕ ತಪ್ಪಿರಲಿಲ್ಲ, ಎಲ್ಲರೂ ನೋಡಿದರು. “ಮತ್ತೆ ಹೋಗಿ ಬಾ,” ಎಂದರು ಅಧಿಕಾರಿ. ನಾನು ಬೇರೆ ಯಾರನ್ನಾದರೂ ಕಳಿಸಿ ಎಂದು ಗೋಗರೆದೆ. ಯಾರೂ ಸಿಗಲಿಲ್ಲ.

ಹೋದಾಗ, ನಕ್ಷೆ ಮುಗಿಯುವ ಮುಂಚೆಯೇ, ಊರ ಅಂಚಿನಲ್ಲಿ ಬುಲ್ಡೋಜರ್ ತಂದು ನಿಲ್ಲಿಸಿದ್ದರು, ನಾಳೆಯಿಂದ ಕೆಲಸವಂತೆ. ಹೆಂಗಸು ಹೊಸ್ತಿಲ ಹೊರಗೆ ಕುಳಿತಿದ್ದಳು. ನನ್ನನ್ನು ಕಂಡು ಆಶ್ಚರ್ಯವನ್ನೇನೂ ಪಡಲಿಲ್ಲ.

“ಬತ್ತೀನಿ ಅಂದಿದ್ದೆಯಲ್ಲ,” ಎಂದಳು. “ನೀನಾದ್ರೂ ಬಂದೆ.”

ಹೊಸ್ತಿಲು ಉಳಿಯುವುದಿಲ್ಲವೆಂದು ತಿಳಿಸಿದೆ. ಅವಳಿಗೆ ಆಗಲೇ ಗೊತ್ತಿತ್ತು. ಎದ್ದು, ಸೆರಗು ಸರಿಮಾಡಿಕೊಂಡು, ಹೊಸ್ತಿಲು ದಾಟಿ ಒಳಗೆ ಕಾಲಿಟ್ಟಳು. ಬೇಡಮ್ಮಾ ಎಂದೆ. ಅಲ್ಲೇ ಉಳಿದುಬಿಡುತ್ತಾಳೆಂದು ನನಗೆ ಭಯ.

“ಬಂದೆ ಕಣವ್ವಾ,” ಎಂದಳು ಖಾಲಿ ಜಾಗಕ್ಕೆ. “ತಡವಾಯ್ತು. ನಿನ್ನ ಮಗನೂ ತೀರೋದ, ನಾನು ಅವನ ಮಗಳು. ಇಲ್ಲಿ ಉಳಿಯಾಕಾಗಾಕಿಲ್ಲ. ಎದ್ದೇಳು, ಮನೆಗೋಗಾನ.”

ಯಾರನ್ನೋ ಎಬ್ಬಿಸುವವಳಂತೆ ಬಗ್ಗಿ ಕೈ ಚಾಚಿದಳು. ಇನ್ನೊಂದು ಕೈಯಲ್ಲಿ ಹಣತೆ ಎತ್ತಿಕೊಂಡು ಹೊರಬಂದಳು. ದೀಪ ಆರಲಿಲ್ಲ.

ಅಳತೆ ಮರೆತು ನಾನೂ ಹಿಂದೆ ಹೊರಟೆ. ಬದು ಕಿರಿದಾಗಿತ್ತು, ಒಬ್ಬರೇ ನಡೆಯುವಷ್ಟು. ಆದರೂ ಅವಳು ಒಂದು ಅಂಚಿಗೆ ಸರಿದು, ಪಕ್ಕದಲ್ಲಿ ಜಾಗ ಬಿಟ್ಟು ನಡೆಯುತ್ತಿದ್ದಳು. ಬೇಗ ರಸ್ತೆ ಸೇರಿದರೆ ಸಾಕೆಂದು ನಾನು ಅವಳ ಹಿಮ್ಮಡಿಗೆ ತಾಗುವಷ್ಟು ಹತ್ತಿರ ಹೋದೆ. ಅವಳು ತಿರುಗಿ ನೋಡದೆ ಹೇಳಿದಳು:

“ಒಸಿ ನಿಧಾನವಾಗಿ ಬಾರವ್ವಾ. ಅವಳಿಗೆ ಉಸಾರಿಲ್ಲ.”

ನಾನು ಹೆಜ್ಜೆ ನಿಧಾನ ಮಾಡಿದೆ.