ಬೇಸಿಗೆಯಲ್ಲಿ ಬೆಂದ ಬ್ಯಾಟರಿ

ರಾಣೆಬೆನ್ನೂರಿನ ಜೀವನ್ ಅಡುಗೆ ಕಲಿಯಲು ಸಿಡ್ನಿಗೆ ಬಂದದ್ದು ಅಡುಗೆಯ ಮೇಲಿನ ಪ್ರೀತಿಯಿಂದಲ್ಲ. ಆ ಕೋರ್ಸ್ ಮುಗಿಸಿದವರಿಗೆ ಪಿಆರ್, ಅಂದರೆ ಅಲ್ಲೇ ಕಾಯಂ ನೆಲೆಸುವ ಹಕ್ಕು, ಸಿಗುತ್ತದೆ ಎಂದು ಏಜೆಂಟ್ ಹೇಳಿದ್ದ, ಅಷ್ಟೆ. ಮೊಟ್ಟೆಯನ್ನೂ ಮುಟ್ಟದ ಲಿಂಗಾಯತರ ಮನೆಯವನು ಮೊದಲ ವಾರವೇ ಹಂದಿಮಾಂಸ ಹೆಚ್ಚಿದ, ಆ ದಿನ ಊಟ ಬಿಟ್ಟ, ಮರುದಿನ ಮತ್ತೆ ಹೆಚ್ಚಿದ. ಕೋರ್ಸ್ ಮುಗಿಯಿತು, ಪಿಆರ್ ಸಿಗಲಿಲ್ಲ. ಅದಕ್ಕೆ ಕೆಲಸ ಕೊಟ್ಟು ಅರ್ಜಿಗೆ ಸಹಿ ಹಾಕಿ ಸ್ಪಾನ್ಸರ್ ಮಾಡುವ ಮಾಲೀಕನೊಬ್ಬ ಬೇಕಾಗಿತ್ತು. ಅಂಥವನು ಕೊನೆಗೆ ಮೆಲ್ಬರ್ನಿನಲ್ಲಿ ಸಿಕ್ಕ. ಕಾರ್ಖಾನೆಗಳ ನಡುವೆ ಕ್ಯಾಂಟೀನು ನಡೆಸುತ್ತಿದ್ದ ನಿಕ್. ಅವನದು ಒಂದೇ ಷರತ್ತು: ಬೆಳಗಿನ ಪಾಳಿಯವರು ಬರುವಷ್ಟರಲ್ಲಿ ಜೀವನ್ ಬಾಗಿಲು ತೆಗೆದು ತಿಂಡಿ ಸಿದ್ಧ ಮಾಡಿರಬೇಕು.

ಅಷ್ಟು ಬೇಗ ಬಸ್ಸಿಲ್ಲ, ಕಾರು ಬೇಕು. ಸಿಡ್ನಿಯ ಪೆಂಡಲ್ ಹಿಲ್‌ನಲ್ಲಿ ಹಳೆಯ ಕಾರು ಮಾರುತ್ತಿದ್ದ ಮೈಸೂರಿನ ಲಕ್ಷ್ಮೀಶ ಅವನಿಗೊಂದು ಕಾರು ಒಪ್ಪಿಸಿ, ಬಾನೆಟ್ ಎತ್ತಿ, ಬ್ಯಾಟರಿಗೆ ತೊಡಿಸಿದ್ದ ದಪ್ಪ ಕಪ್ಪು ಜಾಕೆಟ್ಟನ್ನು ತಟ್ಟಿ ತೋರಿಸಿದ.

“ಇದನ್ನ ಮಾತ್ರ ತೆಗೀಬೇಡ ಮಾರಾಯ. ಈ ಕಾರಲ್ಲಿ ಬ್ಯಾಟರಿ ಇಂಜಿನ್ ಪಕ್ಕಕ್ಕೇ ಅಂಟ್ಕೊಂಡು ಕೂತಿದೆ.”

“ಮೆಲ್ಬರ್ನ್ ಚಳಿಗೆ ಸ್ವೆಟರ್ ಇದ್ದಂಗಾತು ಬಿಡ್ರಿ, ಅಂಕಲ್.”

“ಅಂಕಲ್ಲಾ? ನಂಗಿನ್ನೂ ಮದ್ವೆ ಆಗಿಲ್ಲ ಕಣೋ!”

ಇಬ್ಬರೂ ನಕ್ಕರು. ಮಾತು ಬೇರೆ ಕಡೆ ಹೊರಳಿತು. ಆದರೆ ಸ್ವೆಟರ್ ಎಂಬುದು ಜೀವನ್‌ನ ತಲೆಯಲ್ಲಿ ಹಾಗೆಯೇ ಕುಳಿತುಬಿಟ್ಟಿತು.

ಅವನೂ ಹೆಂಡತಿ ನೀಲಾಂಬಿಕಾಳೂ ಮೆಲ್ಬರ್ನಿನ ಅಂಚಿನ ವಿಂಡಮ್ ವೇಲ್‌ನ ಹೊಸ ಬಡಾವಣೆಯಲ್ಲಿ ಬಾಡಿಗೆಗೆ ಮನೆ ಹಿಡಿದರು. ಅಕ್ಕಪಕ್ಕದ ಮನೆಗಳಿಗೆ ಇನ್ನೂ ಜನ ಬಂದಿರಲಿಲ್ಲ. ಒಮ್ಮೆ ಜೀವನ್ ಹೊತ್ತು ಮೀರಿ ಮಲಗಿಬಿಟ್ಟಾಗ ನಿಕ್ ಕೂಗಾಡಲಿಲ್ಲ. “ಇನ್ನೊಂದು ಸಲ ಹೀಗಾದರೆ ನಿನ್ನ ಪಿಆರ್ ಅರ್ಜಿಗೆ ನನ್ನ ಸಹಿ ಇರುವುದಿಲ್ಲ” ಎಂದ. ಅಂದಿನಿಂದ ಜೀವನ್ ಅಲಾರಂ ಹೊಡೆಯುವ ಮೊದಲೇ ಎದ್ದು ಕೂರುತ್ತಿದ್ದ.

೨೦೦೮ರ ನವರಾತ್ರಿಯ ಹೊತ್ತಿಗೆ ಅವನ ತಾಯಿ ಅನ್ನಪೂರ್ಣವ್ವ ಬಂದಳು. ಆಯುಧಪೂಜೆಯ ದಿನ ಕಾರು ತೊಳೆದು, ಬಾನೆಟ್ ಎತ್ತಿಸಿ, ಒಳಗೆ ಬಗ್ಗಿ ನೋಡಿದಳು.

“ಏನೋ ಇದು ಮಸಿ ಅರಿವಿ? ತಗೀ.”

“ಬ್ಯಾಟರಿ ಸ್ವೆಟರ್ ಅವ್ವಾ.”

“ಯಾಕ, ಅದಕ್ಕ ನೆಗಡಿ ಆಗೇತೇನು? ಮಾರಿ ಮುಚ್ಚಿ ಪೂಜಿ ಮಾಡಾಕ ಬರಂಗಿಲ್ಲ.”

ಜೀವನ್ ಜಾಕೆಟ್ ಬಿಚ್ಚಿದ. ಅವಳು ಬ್ಯಾಟರಿಯ ಮೈಗೆ ಮೂರೆಳೆ ವಿಭೂತಿ ಎಳೆದು, ಕುಂಕುಮವಿಟ್ಟು, ಹೂವಿಟ್ಟಳು. “ಇಬತ್ತಿ ತಾನಾ ಅಳಿಸೋತನಕ ಮ್ಯಾಲೆ ಏನೂ ಹೊಚ್ಚಬ್ಯಾಡ” ಎಂದಳು.

ನೀಲಾಂಬಿಕಾ ಗಂಡನ ಹತ್ತಿರ ಬಂದು ಮೆಲ್ಲಗೆ ಹೇಳಿದಳು: “ತೆಗೀಬ್ಯಾಡ ಅಂದಿದ್ರಲ್ಲ ಕಾರು ಕೊಟ್ಟವ್ರು?”

“ಇಲ್ಲಿ ಮುಂದ ಬರೋದು ಬ್ಯಾಸಗಿ. ಬ್ಯಾಸಗ್ಯಾಗ ಸ್ವೆಟರ್ ಯಾರ್ ಹಾಕ್ತಾರ? ಚಳಿ ಬಂದಾಗ ಹಾಕಿದ್ರಾತು.”

ಅನ್ನಪೂರ್ಣವ್ವನ ಕಿವಿ ಚುರುಕು. “ಗಂಡಗ ಕಾರಿನ ಪಾಠ ಹೇಳ್ತಿಯೇನವಾ? ನಿಮ್ಮಪ್ಪನ ಮನ್ಯಾಗ ಸೈಕಲ್ಲರ ಇತ್ತೋ ಇಲ್ಲೋ!” ನೀಲಾಂಬಿಕಾ ಒಳಗೆ ಹೋದಳು. ಆಮೇಲೆ ಆ ಮಾತನ್ನು ಎತ್ತಲಿಲ್ಲ.

ಆ ಬೇಸಿಗೆ ಮೆಲ್ಬರ್ನ್ ಕುಲುಮೆಯಾಯಿತು. ಕ್ಯಾಂಟೀನಿನ ಮುಂದಿನ ಡಾಂಬರಿನ ಮೇಲೆ, ನೆರಳಿಲ್ಲದ ಜಾಗದಲ್ಲಿ, ಕಾರು ದಿನವಿಡೀ ನಿಲ್ಲುತ್ತಿತ್ತು. ಮನೆಗೆ ಬಂದಾಗ ಬಾನೆಟ್ ಮುಟ್ಟಿದರೆ ಕೈ ಸುಡುತ್ತಿತ್ತು. ಜಾಕೆಟ್ ಗ್ಯಾರೇಜಿನ ಗೂಟದಲ್ಲಿ ತಂಪಾಗಿ ನೇತಾಡುತ್ತಿತ್ತು. ಕಾರು ಮಾತ್ರ ಪ್ರತಿದಿನ ಸ್ಟಾರ್ಟ್ ಆಗುತ್ತಿತ್ತು, ಹಾಗಾಗಿ ಜೀವನ್‌ಗೆ ಯಾವ ಅನುಮಾನವೂ ಬರಲಿಲ್ಲ. ಶಾಖ ಬ್ಯಾಟರಿಯನ್ನು ಒಮ್ಮೆಲೇ ಕೊಲ್ಲುವುದಿಲ್ಲ. ಒಳಗಿನ ನೀರು ಆರುತ್ತದೆ, ತಗಡುಗಳು ಸವೆಯುತ್ತವೆ. ಹವೆ ಬೆಚ್ಚಗಿರುವವರೆಗೆ ಅಳಿದುಳಿದ ಬಲದಲ್ಲೇ ಕೆಲಸ ನಡೆದುಹೋಗುತ್ತದೆ. ಚಳಿಯಲ್ಲಿ ಇಂಜಿನ್ ಹೆಚ್ಚು ಬಲ ಕೇಳುತ್ತದೆ, ಬ್ಯಾಟರಿ ಕಡಿಮೆ ಕೊಡುತ್ತದೆ. ಸತ್ತದ್ದು ಗೊತ್ತಾಗುವುದು ಆಗ.

ಅನ್ನಪೂರ್ಣವ್ವ ಊರಿಗೆ ಮರಳಿದ್ದಳು. ಅಲ್ಲಿ ಚಳಿ ಶುರುವಾಗುವ ಮೇ ತಿಂಗಳಲ್ಲಿ ಜೀವನ್ ಜಾಕೆಟ್ಟಿನ ಧೂಳು ಕೊಡವಿ, ಬ್ಯಾಟರಿಗೆ ತೊಡಿಸಿ, ಪಟ್ಟಿ ಬಿಗಿದ. ಆ ವಾರವೇ ನಿಕ್ ಪಿಆರ್ ಅರ್ಜಿಯ ಕಾಗದಪತ್ರ ತರಲು ಹೇಳಿದ್ದ.

ಜೂನ್‌ನ ಒಂದು ಬೆಳಗಿನ ಜಾವ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಜೀವನ್ ಕೀ ತಿರುಗಿಸಿದ. ಟಕ್ ಎಂದಿತು. ಮತ್ತೆ ತಿರುಗಿಸಿದ. ಆ ಟಕ್ ಕೂಡ ಇಲ್ಲ. ಪಕ್ಕದ ಕಾರಿನಿಂದ ತಂತಿ ಎಳೆದು ಚಾಲೂ ಮಾಡೋಣವೆಂದರೆ ಪಕ್ಕದಲ್ಲಿ ಕಾರೂ ಇಲ್ಲ, ಜನವೂ ಇಲ್ಲ. ಟ್ಯಾಕ್ಸಿಯವರು ಆ ಕಡೆಗೆ ಗಾಡಿಯಿಲ್ಲ ಎಂದರು. ನಿಕ್‌ನ ಫೋನ್ ಬಂದ್ ಆಗಿತ್ತು. ರಿಪೇರಿಯವನು ಬರುವಷ್ಟರಲ್ಲಿ ಬೆಳಕು ಹರಿದಿತ್ತು. ಅವನು ಮೀಟರು ಹಚ್ಚಿ ನೋಡಿ ತಲೆಯಾಡಿಸಿದ.

“ಇದು ಚಳಿಗೆ ಸತ್ತದ್ದಲ್ಲ ಮೇಟ್. ಬೇಸಿಗೆಯಲ್ಲೇ ಇಂಜಿನ್ ಶಾಖಕ್ಕೆ ಬೆಂದುಹೋಗಿದೆ. ಶಾಖ ತಡೆಯುವ ಜಾಕೆಟ್ ಹಾಕಿದ್ದರೂ ಹೀಗೇಕಾಯಿತೋ!”

ಬಾಗಿಲಲ್ಲಿ ಶಾಲು ಹೊದ್ದು ನಿಂತಿದ್ದ ನೀಲಾಂಬಿಕಾ, “ಬೆಚ್ಚಗ ಸ್ವೆಟರ್ ಹಾಕಿದ್ರಿ ಅಲ್ಲ್ರೀ ಮತ್ತ?” ಎಂದಳು.

ಹೊಸ ಬ್ಯಾಟರಿ ಹಾಕಿಸಿಕೊಂಡು ಅವನು ಕ್ಯಾಂಟೀನು ತಲುಪಿದಾಗ ಪಾಳಿಯವರು ಮುಚ್ಚಿದ ಬಾಗಿಲು ನೋಡಿ ಹಸಿದುಕೊಂಡೇ ಕೆಲಸಕ್ಕೆ ಹೋಗಿಯಾಗಿತ್ತು. ಕಾರ್ಖಾನೆಯ ಮ್ಯಾನೇಜರ್ ನಿಕ್‌ಗೆ ಫೋನ್ ಮಾಡಿ ಬೈದದ್ದೂ ಆಗಿತ್ತು.

“ಬ್ಯಾಟರಿ ಹೋಗಿತ್ತು” ಎಂದ ಜೀವನ್.

“ಇರಬಹುದು. ನಾನು ಏನು ಹೇಳಿದ್ದೆ?”

“ಇದೊಂದ್ಸಲ, ನಿಕ್.”

“ಆ ಒಂದು ಸಲ ಹಿಂದೆಯೇ ಮುಗಿದಿದೆ.” ನಿಕ್ ಹಟದ ಮನುಷ್ಯ, ಆಡಿದ ಮಾತಿಗೆ ತಪ್ಪುವವನಲ್ಲ. ಸಹಿ ಹಾಕಲಿಲ್ಲ.

ವೀಸಾ ಮುಗಿಯುವುದರೊಳಗೆ ಸಿಡ್ನಿಯಲ್ಲೂ ಮೆಲ್ಬರ್ನಿನಲ್ಲೂ ಜೀವನ್ ಬೇರೆ ಮಾಲೀಕರನ್ನು ಹುಡುಕಿದ. ಯಾರೂ ಒಪ್ಪಲಿಲ್ಲ, ಊರಿಗೆ ಮರಳದೆ ಬೇರೆ ದಾರಿ ಉಳಿಯಲಿಲ್ಲ. ಅವ್ವನಿಗೆ ಫೋನಿನಲ್ಲಿ ಮಾಲೀಕ ಕೆಟ್ಟವನು ಎಂದಷ್ಟೇ ಹೇಳಿದ. ನೀಲಾಂಬಿಕಾ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು; ತಿದ್ದಲಿಲ್ಲ.

ಕ್ಯಾಂಟೀನಿನಲ್ಲಿ ಜೀವನ್‌ನ ಕೊನೆಯ ದಿನ ಅವನ ಜಾಗಕ್ಕೆ ಬಂದವನು ಗುಂಟೂರಿನ ನಾರಾಯಣ. ಅವನದೂ ಅದೇ ಕೋರ್ಸ್. ಎಡಗಡೆಯ ಒಲೆ ತಡವಾಗಿ ಹೊತ್ತುತ್ತದೆ, ಫ್ರಿಜ್ಜಿನ ಬಾಗಿಲನ್ನು ಮೊಣಕಾಲಿಂದ ಒತ್ತಬೇಕು ಎಂದು ಜೀವನ್ ಎಲ್ಲವನ್ನೂ ತೋರಿಸಿಕೊಟ್ಟ.

“ಇಲ್ಲಿ ಕೆಲಸ ಮಾಡಿದರೆ ಪಿಆರ್ ಖಂಡಿತ ಆಗುತ್ತಲ್ಲವಾ, ಭಾಯ್?” ನಾರಾಯಣ ಹಿಂದಿಯಲ್ಲಿ ಕೇಳಿದ.

“ಆಗುತ್ತೆ. ಬೆಳಿಗ್ಗೆ ಬೇಗ ಬಾ” ಎಂದ ಜೀವನ್. ಬಾಗಿಲಿನ ಕೀಲಿಯನ್ನು ಅವನ ಕೈಗಿಟ್ಟು, ಹಂದಿಮಾಂಸ ಎಷ್ಟು ತೆಳ್ಳಗೆ ಹೆಚ್ಚಬೇಕೆಂದು ತೋರಿಸಲು ಚಾಕು ತೆಗೆದುಕೊಂಡ.