ಮಲ್ಲಿಗೆಯವಳ ಮಧ್ಯಾಹ್ನದ ಫೋನು

ನಮ್ಮ ಮನೆಯ ಫೋನಿನಲ್ಲಿ ನನ್ನ ಪಾಲಿಗಿದ್ದದ್ದು ಒಂದೇ ಮಾತು. "ಇದ್ದಾರೆ, ಕೊಡ್ತೀನಿ."

ಹೋದ ವಾರ ಮಧ್ಯಾಹ್ನ ಫೋನ್ ಬಂತು. "ಸಾರ್ ಇರುಕ್ಕಾರಾ?" ಸಾರ್ ಇದ್ದಾರಾ ಎಂದು ತಮಿಳಿನಲ್ಲಿ ಕೇಳಿದ್ದು ಹೆಂಗಸಿನ ದನಿ. ಬಾಯಿಗೆ ಬಂದ ಆ ಒಂದೇ ಮಾತನ್ನು ನುಂಗಿಕೊಂಡೆ. ಸಾರ್ ಮಳೆಗಾಲದಲ್ಲೇ ತೀರಿಕೊಂಡರು ಎಂದೆ.

ನಮ್ಮವರು ಕೃಷಿ ಇಲಾಖೆಯಲ್ಲಿದ್ದವರು. ರಿಟೈರ್ ಆಗಿ ಮದ್ರಾಸಿನ ಪಲ್ಲಾವರಂನಲ್ಲಿ ಮನೆ ಮಾಡಿದ ಮೇಲೂ ಚೆಂಗಲ್ಪಟ್ಟು ಕಡೆಯ ಹೆಂಗಸರು ಬೆಳೆಯ ಸಲಹೆ ಕೇಳಲು ಫೋನ್ ಮಾಡುತ್ತಿದ್ದರು. ಮಾಡುತ್ತಿದ್ದದ್ದು ಮಧ್ಯಾಹ್ನವೇ. ಮಲ್ಲಿಗೆ ಬೆಳೆಯುವವರಿಗೆ ಬೆಳಿಗ್ಗೆ ಪುರುಸೊತ್ತೆಲ್ಲಿ? ಮೊಗ್ಗು ಬಿಡಿಸಿ, ಪ್ಯಾರೀಸ್ ಕಾರ್ನರಿನ ಹೂವಿನಂಗಡಿಗೆ ಬಸ್ಸಿನಲ್ಲಿ ಕಳಿಸಬೇಕು. ಇಲಾಖೆಯವರು ಊರಿಗೆ ಬರುವುದೂ ಅದೇ ಹೊತ್ತಿಗೆ. ಟೀ ಅಂಗಡಿಯಲ್ಲಿ ಕೂತ ಗಂಡಸರಿಗೆ ಹೇಳಿ ಹೋಗುತ್ತಾರೆ. ಅದಕ್ಕೇ ನಮ್ಮವರು ಮಧ್ಯಾಹ್ನದ ನಿದ್ದೆ ಬಿಟ್ಟಿದ್ದರು. (ನಾನು ಬಿಟ್ಟಿರಲಿಲ್ಲ. ಈಗ ಅದೇ ನನ್ನನ್ನು ಬಿಟ್ಟಿದೆ.)

ಸುದ್ದಿ ಕೇಳಿದ ಆಕೆ ತಮಿಳಿನಲ್ಲಿ, "ನೀವು ಊಟ ಮಾಡಿದ್ರಾ ಅಮ್ಮಾ?" ಎಂದಳು. ಆ ಪ್ರಶ್ನೆ ಕೇಳಿ ಎಷ್ಟು ದಿನವಾಗಿತ್ತು!

"ಮೊಗ್ಗೆಲ್ಲ ಕೆಂಪಗಾಗ್ತಿದೆ ಅಮ್ಮಾ, ಒಳಗೆ ಹುಳ. ಹೀಗೇ ಬಿಟ್ರೆ ತೋಟವೇ ಹೋಗುತ್ತೆ. ಏನು ಔಷಧಿ ಹೊಡೀಬೇಕು? ಕೃಷಿ ಆಫೀಸಿನಲ್ಲಿ ಗಂಡನ್ನ ಕಳಿಸು ಅಂತಾರೆ. ಅವರು ಮದ್ರಾಸಿನಲ್ಲಿ ವಾಚ್‌ಮನ್. ಭಾನುವಾರ ಮಾತ್ರ ಬರೋದು."

ನನಗೇನು ಗೊತ್ತು? ಕೇಳಿಟ್ಟಿರುತ್ತೇನೆ, ನಾಳೆ ಇದೇ ಹೊತ್ತಿಗೆ ಮಾಡು ಎಂದೆ. ಊರಿನ ಹೆಸರು ಕೇಳಿಕೊಂಡೆ.

ಮರುದಿನ ಬೆಳಿಗ್ಗೆ ಅವಳ ಕಡೆಯ ಕೃಷಿ ಆಫೀಸಿಗೆ ನಾನೇ ಫೋನ್ ಮಾಡಿದೆ. ಎತ್ತಿದವರು ಮರ್ಯಾದೆಯಿಂದಲೇ ಮಾತಾಡಿದರು.

"ಜಮೀನು ಯಾರ ಹೆಸರಲ್ಲಿದೆ ಮೇಡಂ?"

"ಗಂಡನ ಹೆಸರಲ್ಲೇ ಇರಬೇಕು."

"ಹಾಗಾದ್ರೆ ಅವರೇ ಬರಲಿ."

"ಅವರು ಬರೋದು ಭಾನುವಾರ."

"ಭಾನುವಾರ ನಮಗೆ ರಜ ಅಲ್ವಾ."

"ಗಿಡ ನೋಡಿಕೊಳ್ಳೋದು ಆಕೆ. ಆಕೆಗೇ ಹೇಳಬಹುದಲ್ಲ?"

ಅವರು ಸಣ್ಣಗೆ ನಕ್ಕರು. "ನಿಮ್ಮ ಮನೇಲಿ ಗಂಡಸರು ಯಾರಾದ್ರೂ ಇದ್ರೆ ಫೋನ್ ಕೊಡಿ ಮೇಡಂ, ವಿವರವಾಗಿ ಹೇಳ್ತೀನಿ."

ಎಷ್ಟೋ ವರ್ಷದ ಅಭ್ಯಾಸ ನೋಡಿ. "ಇದ್ದಾರೆ, ಕೊಡ್ತೀನಿ" ಎಂದುಬಿಟ್ಟೆ. ರಿಸೀವರ್ ಹಿಡಿದ ಕೈ ಇವರ ಕುರ್ಚಿಯ ಕಡೆ ಚಾಚಿಯೂ ಆಗಿತ್ತು.

ಅತ್ತಲಿಂದ "ಹಲೋ, ಹಲೋ" ಎನ್ನುತ್ತಿದ್ದರು. ಮೆಲ್ಲಗೆ ಕೆಳಗಿಟ್ಟೆ.

ಮಧ್ಯಾಹ್ನ, ಹೇಳಿದ ಹೊತ್ತಿಗೇ ಫೋನ್ ಬಂತು. ಗಂಡಸರು ಮನೆಯಲ್ಲಿಲ್ಲದಾಗ ಮೊಗ್ಗಿಗೆ ಹುಳ ಬೀಳಬಾರದು ಎಂದು ಅವಳಿಗೆ ಹೇಗೆ ಹೇಳಲಿ?